ಗೋಡೆಯೊಳಗೊಂದು ಬೀದಿ

ಫ್ಲಾರೆನ್ಸ್, ಈಸ್ಟರ್ ಹಬ್ಬದ ಮರುದಿನ

ಪ್ರೀತಿಯ ಅಪ್ಪನಿಗೆ ಮಗ ಮಿನುಚ್ಚೊನ ನಮಸ್ಕಾರಗಳು.

ಈ ಸಲ ಚಿನ್ನದ ರೇಕು ಕಳಿಸಬೇಡಿ. ನೀವು ತೆಳ್ಳಗೆ ಬಡಿದ ಹಾಳೆಗಳಲ್ಲಿ ಕುಂದೇನಿಲ್ಲ. ಚರ್ಚಿನ ಗೋಡೆಯಲ್ಲಿ ಮಾತೆ ಮರಿಯಮ್ಮನ ಹಿಂದೆ ಈಗ ಚಿನ್ನ ಹಚ್ಚುವ ಬದಲು ಬೀದಿಯನ್ನೇ ಬರೆದಿದ್ದೇವೆ. ನನಗೆ ಚಿತ್ರ ಕಲಿಸುವ ಗುರುಗಳು ಗೋಡೆಗೊಂದು ಮೊಳೆ ಹೊಡೆದು, ಅದರಿಂದ ದಾರ ಎಳೆದು ಮನೆಗಳ ಸಾಲಿಗೆ ಗೆರೆ ಹಾಕಿಸಿದರು. ದೂರ ಹೋದಂತೆ ಎಲ್ಲವೂ ಕಿರಿದಾಗುತ್ತದೆ. ನಿನ್ನೆ ಪರದೆ ಸರಿಸಿದಾಗ ಪ್ರಾರ್ಥನೆಗೆ ಬಂದಿದ್ದ ಬೀಚೆ ಎಂಬ ಮುದುಕಿ ಶಾಲು ಬಿಗಿದುಕೊಂಡು, "ಯಾರ್ರೋ ಗೋಡೆ ಒಡೆದೋರು? ಚಳಿಗಾಳಿ ನುಗ್ಗುತ್ತೆ, ಮುಚ್ರೋ" ಎಂದು ಗದರಿದಳು. ಗುರುಗಳು ಅಲ್ಲೇ ಕುಣಿದಾಡಿಬಿಟ್ಟರು. ನನಗಂತೂ ಖುಷಿಗೆ ಊಟವೇ ಸೇರುತ್ತಿಲ್ಲ.

ಬೀದಿಯ ಕೊನೆಯ ಅಂಗಡಿ ನನ್ನ ಪಾಲಿಗೆ ಬಂತು. ಅಲ್ಲಿ ಸುತ್ತಿಗೆ ಹಿಡಿದು ಕೂತವರು ನೀವು, ಹೆಬ್ಬೆರಳಿನಷ್ಟು. ನಿಮ್ಮ ಕಾಲದ ಚಿತ್ರಗಳಲ್ಲಿ ದೊಡ್ಡ ಮನುಷ್ಯರನ್ನು ದೊಡ್ಡದಾಗಿಯೂ ಉಳಿದವರನ್ನು ಸಣ್ಣದಾಗಿಯೂ ಬರೆಯುತ್ತಿದ್ದರು. ಹಾಗಾಗಿ "ಹೆತ್ತಪ್ಪನನ್ನೇ ಇರುವೆ ಮಾಡಿದ್ಯಲ್ಲೋ" ಎಂದು ನೀವು ಬೈಯುವುದು ಖಂಡಿತ. ಈಗಿನ ಲೆಕ್ಕದಲ್ಲಿ ದೂರ ಇದ್ದವರು ಚಿಕ್ಕವರು, ಅಷ್ಟೇ ಅಪ್ಪ.

ನಮ್ಮೂರು ಸಿಯೆನಾದಿಂದ ಸರಕಿನ ಹೇಸರಗತ್ತೆಗಳು ಇತ್ತ ಹೊರಟಾಗ ನೀವೂ ಬನ್ನಿ. ಹಸಿ ಗಾರೆಯ ಮೇಲೆ ಬರೆದದ್ದು ಒಣಗಿಬಿಟ್ಟಿದೆ, ನಿಮ್ಮನ್ನು ನಾನಿನ್ನು ದೊಡ್ಡದು ಮಾಡಲಾರೆ. ನೀವೇ ಹತ್ತಿರ ಬರಬೇಕು.

ನಿಮ್ಮ ದಾರಿ ನೋಡುತ್ತಿರುವ
ಮಿನುಚ್ಚೊ