ಗಂಡನ ಹೆಸರು ಹೇಳದ ಮಿದುಳುಗಳ ಪರವಾಗಿ

ಸಂಶೋಧನಾ ಮೌಲ್ಯಮಾಪನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನರವಿಜ್ಞಾನಿ ಡಾಕ್ಟರ್ ಇಂದೂ ಅವರ ಸ್ಮರಣಶಕ್ತಿ ಪರೀಕ್ಷೆಯ ಕೋಣೆಗೆ ಬರುವ ಬುಧವಾರ ಬೀಗ ಹಾಕಲು ತಾವು ಅಪ್ಪಣೆ ಕೊಟ್ಟಿದ್ದೀರಿ. ಕಾರಣ ಓದಿ ಕೃತಾರ್ಥನಾದೆ. ಅವರ ಪ್ರಬಂಧಗಳನ್ನು ನರವಿಜ್ಞಾನಿಗಳಿಗಿಂತ ಹೊರಗಿನವರೇ ಹೆಚ್ಚಾಗಿ ಬಳಸುತ್ತಾರಂತೆ. ಆದ್ದರಿಂದ ಅವು ನರವಿಜ್ಞಾನವೇ ಅಲ್ಲವಂತೆ! ನರರ ಉಪಯೋಗಕ್ಕೆ ಬಂದೊಡನೆ ನರವಿಜ್ಞಾನ ಕೆಟ್ಟುಹೋಗುತ್ತದೆ ಎಂಬ ಈ ಮಹಾಶೋಧಕ್ಕೆ ತಮಗೇ ಒಂದು ಬಹುಮಾನ ಸಲ್ಲಬೇಕು. ಹಲ್ಲು ಕಟ್ಟಿಸಿಕೊಂಡವನು ಕಬ್ಬು ತಿಂದರೆ ಆ ಚಿಕಿತ್ಸೆಯನ್ನು ಕೃಷಿ ಇಲಾಖೆಗೆ ಬರೆದುಬಿಡುತ್ತೀರಾ?

ನಾನು ವಿಜ್ಞಾನಿಯಲ್ಲ. ಕನ್ನಡವನ್ನು ಮನೆಯಲ್ಲೂ ಕನ್ನಡಕವನ್ನು ಪುಣೆ ಕ್ಯಾಂಪಿನ ಅಂಗಡಿಯಲ್ಲೂ ಇಟ್ಟುಕೊಂಡು ಬದುಕುವವನು. ಆದರೂ ಬಾಯಿ ಹಾಕುತ್ತಿದ್ದೇನೆ. ಕಾರಣ, ನನ್ನ ಅವ್ವ ಶಿವಗಂಗವ್ವ.

೧೯೯೯ರಲ್ಲಿ ಅವ್ವನಿಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ಒಂದು ದೊಡ್ಡ ಆಸ್ಪತ್ರೆಯ ಎಳೆಯ ಡಾಕ್ಟರು ಆಕೆಯ ನೆನಪಿನ ಪರೀಕ್ಷೆಗೆ ಕುಳಿತರು. ವಾರ ಕೇಳಿದರು, ಹೇಳಿದಳು. ತಿಂಗಳು ಕೇಳಿದರು, ತಿಥಿಯನ್ನೂ ಸೇರಿಸಿ ಹೇಳಿದಳು. "ಆಜಿ, ಯಜಮಾನಾಂಚ ನಾವ ಕಾಯ?" ಎಂದು ಗಂಡನ ಹೆಸರು ಕೇಳಿದರು. ಅವ್ವ ಸೆರಗನ್ನು ಬಾಯಿಗೆ ಹಿಡಿದು ಗೋಡೆ ನೋಡಿದಳು. ಮಾವನ ಹೆಸರಿಗೂ ಗೋಡೆ, ಭಾವನ ಹೆಸರಿಗೂ ಗೋಡೆ. ‘ಮನೆಯವರನ್ನೇ ಮರೆತಿದ್ದಾರೆ’ ಎಂದು ಡಾಕ್ಟರು ಬರೆದರು.

ಪಕ್ಕದಲ್ಲೇ ಊಟದ ಡಬ್ಬಿ ಹಿಡಿದು ಕುಳಿತಿದ್ದ ಅಪ್ಪ ಸಿದ್ರಾಮಪ್ಪ ಸಿಡಿದೆದ್ದರು: "ಏ ಲೋಕ್ಯಾ, ಈ ಡಾಕ್ಟರಗ ಹೇಳೋ! ಮದಿವ್ಯಾದಾಗಿಂದ ಅಕಿ ನನ್ನ ಹೆಸರ ಹಿಡದಿಲ್ಲ. ಬಾಯಾಗ ಬರದಿದ್ದನ್ನ ಮರ್ತಾಳಂದ್ರ ಹೆಂಗ?" ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ನಕ್ಕು, ‘ಮನೆಯವರು ಸತ್ಯ ಒಪ್ಪಲು ಸಿದ್ಧರಿಲ್ಲ’ ಎಂದು ಇನ್ನೊಂದು ಸಾಲು ಸೇರಿಸಿದರು. ಅವರು ಕೊಟ್ಟ ಗುಳಿಗೆ ನುಂಗಿ ಅವ್ವ ಹಗಲೆಲ್ಲ ತೂಕಡಿಸತೊಡಗಿದಳು. ವಿಚಾರಿಸಿದರೆ, ಮರೆವು ಬಲಿಯುತ್ತಿದೆ ಎಂಬ ಉತ್ತರ. ಗುಳಿಗೆಯೂ ಬಲಿಯಿತು.

ಯಾರೋ ಹೇಳಿದರೆಂದು ಇಂದೂ ಅವರ ಬಳಿ ಕರೆದೊಯ್ದೆವು. ಗಂಡನ ಹೆಸರನ್ನು ಪದ್ಯದಲ್ಲಿ ಅಡಗಿಸಿ ಹೇಳುವ ನಮ್ಮ ಒಡಪು, ಮರಾಠಿಗರ ಉಖಾಣಾ, ತಮಗೂ ಗೊತ್ತಿರಬೇಕು; ತಮ್ಮ ಮದುವೆಯಲ್ಲೂ ಯಾರೋ ಹೇಳಿರಬೇಕು. ಇಂದೂ ಕೇಳಿದ್ದು ಅದನ್ನೇ: "ಅವ್ವಾರ, ಬರೇ ಹೆಸರು ಬ್ಯಾಡ್ರಿ. ಒಡಪು ಹಚ್ಚಿ ಹೇಳ್ರಿ."

ಅವ್ವ ತೂಕಡಿಕೆಯ ನಡುವೆಯೇ ಗಂಟಲು ಸರಿಮಾಡಿಕೊಂಡಳು:

"ಸ್ವಾರಗೇಟಿನ್ಯಾಗ ಇಳದೆ, ಸೊಲ್ಲಾಪುರ ಚಾದರ ಹೊದ್ದೆ,
ಸಿದ್ರಾಮಪ್ಪನವರ ಗೊರಕಿಗೆ ದಿನಾ ರಾತ್ರಿ ಎದ್ದೆ!"

"ಗೊರಕಿ ಸುದ್ದಿ ಡಾಕ್ಟರ ಮುಂದ ಬೇಕಿತ್ತೇನ?" ಎಂದರು ಅಪ್ಪ.

"ಅವರು ಕೇಳಿದ್ರು, ನಾ ಹೇಳ್ದೆ. ನೀವು ಸುಮ್ಮ ಕುಂದರ್ರಿ."

ಗುಳಿಗೆ ನಿಂತಿತು. ಅವ್ವ ಎದ್ದು ಓಡಾಡಿದಳು, ಈಗಲೂ ನಮ್ಮನ್ನೆಲ್ಲ ಬೈಯುತ್ತಾಳೆ, ಅಪ್ಪನನ್ನು ಮಾತ್ರ ಹೆಸರು ಬಿಟ್ಟು.

ಇಂಥ ಅನೇಕ ತಾಯಂದಿರನ್ನು ಪರೀಕ್ಷಿಸಿ, ತಲೆಗೆ ತಂತಿ ಹಚ್ಚಿ, ಮಿದುಳಿನ ಅಲೆಗಳನ್ನು ದಾಖಲಿಸಿ ಇಂದೂ ತೋರಿಸಿಕೊಟ್ಟದ್ದು ಇಷ್ಟು: ಮರೆತು ಹೇಳಲಾಗದಿರುವುದು ಬೇರೆ, ತಿಳಿದೂ ಹೇಳದಿರುವುದು ಬೇರೆ. ಎರಡನೆಯದರ ಪರಿಚಯ ಕಚೇರಿಯವರಿಗೆ ಎಲ್ಲರಿಗಿಂತ ಚೆನ್ನಾಗಿ ಇರಬೇಕಿತ್ತು! ಅವರ ಪ್ರಬಂಧ ಓದಿ ಮಾತು ಕಲಿಸುವ ಚಿಕಿತ್ಸಕರು ಪ್ರಶ್ನೆ ತಿದ್ದಿಕೊಂಡರು. ಸಾಕ್ಷಿಕಟ್ಟೆಯ ಹೆಂಗಸರ ಮೌನವನ್ನು ಸುಳ್ಳೆನ್ನುತ್ತಿದ್ದ ವಕೀಲರು ಕೊಂಚ ತಡೆದರು. ಮನೆಮನೆಗೆ ಹೋಗಿ ಕುಟುಂಬದ ವಿವರ ಬರೆಯುವವರಿಗೆ ಅದೇ ಪಾಠವಾಯಿತು. ಜಾನಪದದವರಂತೂ ಒಡಪುಗಳನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ಹುಡುಕತೊಡಗಿದರು. ತಮ್ಮ ಸಮಿತಿ ಇವರೆಲ್ಲರನ್ನೂ ‘ಹೊರಗಿನ ಕ್ಷೇತ್ರ’ ಎಂಬ ಒಂದೇ ಚೀಲಕ್ಕೆ ತುಂಬಿ, ಮೇಲೆ ಸೊನ್ನೆ ಬರೆಯಿತು. ನೆನಪಿನ ಸಂಶೋಧನೆ ಮುಚ್ಚಲು ಒಂದು ನೆಪ ಬೇಕಿತ್ತು, ಸಿಕ್ಕಿತು. ಬಾವಿಯ ನೀರನ್ನು ಪಕ್ಕದ ಕೇರಿಯವರೂ ಸೇದುತ್ತಾರೆಂದು ಬಾವಿ ಮುಚ್ಚಿಸಿದವರನ್ನು ನಾನು ಈವರೆಗೆ ಕಂಡಿರಲಿಲ್ಲ.

ಇಷ್ಟು ಹೊತ್ತು ತಮಾಷೆ ಮಾಡಿದೆ, ಇನ್ನು ಕೆಲಸದ ಮಾತು. ಪುಣೆ ಹತ್ತಿರದ ರಾಂಜಣಗಾಂವದಲ್ಲಿ ಕಾರ್ಖಾನೆಯ ಕಟ್ಟಡ ಕಟ್ಟುವ ಧರ್ಮಣ್ಣ ಕಳೆದ ವಾರ ತಾಯಿ ಯಂಕವ್ವನಿಗೆ ಕನ್ನಡಕ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದ. ಕಣ್ಣು ಚೆನ್ನಾಗಿಯೇ ಇತ್ತು, ರೆಪ್ಪೆ ಮಾತ್ರ ಏಳುತ್ತಿರಲಿಲ್ಲ. "ಗಂಡನ್ ಹೆಸರ ಹೇಳವಲ್ಲಳು ಅಂತ ಗುಳಗಿ ಕೊಟ್ಟಾರ್ರಿ ಸಾವಕಾರ್ರ. ಈಗ ನನ್ನ ಹೆಸರೂ ಹೇಳವಲ್ಲಳ್ರಿ," ಎಂದ. ನಾನು ಇಂದೂ ಅವರಿಗೆ ತಿಳಿಸಿದೆ; ಬರುವ ಗುರುವಾರ ಕರೆತರಲು ಹೇಳಿದ್ದಾರೆ. ತಮ್ಮ ಬೀಗ ಬೀಳುವುದು ಅದರ ಹಿಂದಿನ ದಿನ.

ಆದ್ದರಿಂದ ನನ್ನ ಒತ್ತಾಯ: ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಆಗದಿದ್ದರೆ ಗುರುವಾರ ಬೆಳಿಗ್ಗೆ ತಾವೇ ಬಂದು ಆ ಬಾಗಿಲ ಮುಂದೆ ನಿಲ್ಲಿ. ಮಗನ ಭುಜಕ್ಕೆ ಒರಗಿ ಬರುವ ಯಂಕವ್ವನಿಗೆ, ಆಕೆ ತಮ್ಮ ಕ್ಷೇತ್ರದ ಹೊರಗಿದ್ದಾಳೆಂದು ತಾವೇ ತಿಳಿಸಿ ಹೇಳಿ. ಮೆಲ್ಲಗೆ ಹೇಳಿ, ಆಕೆ ನಿದ್ದೆಗಣ್ಣಿನಲ್ಲಿರುತ್ತಾಳೆ.

ಇಂತಿ,
ಗಿರಾಕಿಗಳನ್ನು ಹೊರಗೆ ಕಾಯಿಸಿ, ತಾವು ಓದುತ್ತೀರೆಂಬ ಭ್ರಮೆಯಲ್ಲಿ ಇಷ್ಟುದ್ದ ಬರೆದ
ಲೋಕನಾಥ
ಪುಣೆ ಕ್ಯಾಂಪ್, ೨೦೦೪