ಕೋಳಿಯ ಕಾಲಿಗೆ ಯಜಮಾನರ ಲೇಸು

ಅಕ್ಕನ ಪಾದಗಳಿಗೆ ಅಡುಗೆಭಟ್ಟ ತಮ್ಮನ ಸಾಷ್ಟಾಂಗ.

ಹಬ್ಬದೂಟಕ್ಕೆ ಇಡೀ ಕೋಳಿಯನ್ನು ಓವನ್ನಿನಲ್ಲಿ ಸುಡುವ ಮಹತ್ಕಾರ್ಯವನ್ನು ಮನೆಯೊಡತಿ ನನಗೆ ವಹಿಸಿದ್ದರು. ಕೆಡಿಸಿದರೆ ಬಾಡಿಗೆ ಕೋಣೆ ಖಾಲಿ ಮಾಡಬೇಕೆಂದು ಕರಾರು. ಕೋಳಿ ಕಾಲು ಚಾಚದಂತೆ ಕಟ್ಟಬೇಕಂತೆ. ದಾರ ಸಿಗದೆ ಯಜಮಾನರ ಹೊಸ ಬೂಟಿನ ಲೇಸನ್ನು ಕುದಿಸಿ ಬಿಗಿದೆ. ಆಮೇಲೆ ಗಂಟು ಬಿಚ್ಚಲು ಆಗಲೇ ಇಲ್ಲ. ಕೋಳಿ ಹಾಗೆಯೇ ಹೊಂಬಣ್ಣದಲ್ಲಿ ಮೇಜಿಗೆ ದಯಮಾಡಿಸಿತು.

ಯಜಮಾನರ ಅತ್ತೆ ಲೇಸಿನ ತುದಿ ಎತ್ತಿ ಹಿಡಿದು, "ಇದು ಯಾರದಪ್ಪಾ?" ಅಂದರು.

ಯಜಮಾನರು ತಮ್ಮ ಬೂಟು ನೋಡಿಕೊಂಡು, "ನಂದೇ. ಗಂಟು ಮಾತ್ರ ಭದ್ರವಾಗಿ ಹಾಕಿದಾನೆ ಬಿಡಿ," ಅಂದರು. ಒಡತಿಗೆ ನಗು ತಡೆಯಲಾಗಲಿಲ್ಲ. ಕೋಣೆ ಉಳಿಯಿತು.

ಬೆರಳು ಚೂರು ಸುಟ್ಟಿದೆ, ಗಾಬರಿ ಬೇಡ. ಎಂಟನೇ ಕ್ಲಾಸಿನವರೆಗೂ ನನ್ನ ಲೇಸು ಕಟ್ಟಿಕೊಟ್ಟು, 'ಇವನಿಗೊಂದು ಗಂಟು ಹಾಕೋಕೂ ಬರಲ್ಲ' ಎಂದು ಬೀದಿಗೆಲ್ಲ ಸಾರಿದವಳು ನೀನು. ಯಜಮಾನರ ಮಾತನ್ನು ಅದೇ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದತಕ್ಕದ್ದು.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ