ನನ್ನ ಬೆರಳು ತಪ್ಪಿತು, ನಿಮ್ಮ ಯಂತ್ರಗಳು ನಂಬಿದವು

ಇದನ್ನು ಓದುತ್ತಿರುವವರೇ, ಮೊದಲು ಕೈಯಲ್ಲಿರುವ ಚಹಾದ ಕಪ್ಪು ಕೆಳಗಿಡಿ. ನೀವು ಸಾಹೇಬರಲ್ಲದೆ ಅವರ ಗುಮಾಸ್ತರಾಗಿದ್ದರೆ, ಈ ಪತ್ರಿಕೆಯನ್ನು ಫೈಲಿನಡಿ ತುರುಕದೆ ನೆಟ್ಟಗೆ ಒಳಗೆ ಒಯ್ಯಿರಿ.

ನೌಕರರ ಆರೋಗ್ಯ ಕಾರ್ಡು ಕಚೇರಿಯ ಕಂಪ್ಯೂಟರ್ ಮುಖ್ಯಾಧಿಕಾರಿಗಳೇ, ನೀವೂ ಕನ್ನಡದವರೆಂದು ತಿಳಿದು ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನ್ನ ಮಗ ಹೃಷಿಕೇಶನ ಒಂಬತ್ತು ವರ್ಷದ ಹುಡುಗ ಸತ್ತಿದ್ದಾನೆಂದು ನಿಮ್ಮ ಕಂಪ್ಯೂಟರ್ ಹೇಳುತ್ತಿದೆ. ಅವನು ಸದ್ಯ ನನ್ನ ಪಕ್ಕದಲ್ಲಿ ಕೂತು ಪೆನ್ಸಿಲ್ ಕಡಿಯುತ್ತಿದ್ದಾನೆ. ಹುಟ್ಟಿನಿಂದ ಅವನ ಹೃದಯದಲ್ಲೊಂದು ತೂತಿದೆ. ಮುಂದಿನ ತಿಂಗಳ ಐದಕ್ಕೆ ಆಪರೇಷನ್ ಗೊತ್ತುಮಾಡಿದ್ದರು. ಸತ್ತವನಿಗೆ ಆಪರೇಷನ್ ಏಕೆಂದು ಆಸ್ಪತ್ರೆಯ ಕಂಪ್ಯೂಟರ್ ಆ ತಾರೀಖನ್ನು ಅಳಿಸಿಹಾಕಿದೆ.

ತಪ್ಪು ಶುರುವಾದದ್ದು ನನ್ನಿಂದ. ನಿಮಗೆ ಹುಡುಕುವ ಕಷ್ಟ ಬೇಡವೆಂದು ಮೊದಲೇ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ನಮ್ಮವರು ತೀರಿಕೊಂಡರು. ಮರುವರ್ಷ ಹುಟ್ಟಿದ ಮೊಮ್ಮಗನಿಗೆ ಅವರ ಹೆಸರನ್ನೇ ಇಟ್ಟೆವು. ಗಂಡನ ಹೆಸರು ಬಾಯಿಂದ ಹೇಳುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಹುಡುಗನನ್ನೂ ‘ಮಗಾ’ ಎಂದೇ ಕರೆಯುತ್ತ ಬಂದೆ. ಮೂರು ತಿಂಗಳ ಹಿಂದೆ ಇಲ್ಲಿ ಕನ್ಹಾನಿನ ದವಾಖಾನೆಯ ಅಭಿಜಿತ್, ನಮ್ಮ ಕಡೆಯ ಹುಡುಗನೇ, ಪಟ್ಟಿ ಹಿಡಿದು ಮನೆಗೆ ಬಂದ.

“ಅಜ್ಜಿ, ಈ ಕಾರ್ಡಿನ್ಯಾಗ ಯಾರರ ತೀರಿಕೊಂಡಾರೇನ್ರೀ? ಎಲ್ಲಾ ಕಂಪ್ಯೂಟರಿಗೆ ಹಾಕೋದದ.”

“ನಮ್ಮವರು.”

“ಹೆಸರು?”

“ನಮ್ಮವರು ಅಂದ್ನೆಲ್ಲೋ! ಗಂಡನ್ನ ಹೆಸರ್ಹಿಡದು ಕರೀತಾರೇನು?”

“ಅಚ್ಛಾ, ಬೆರಳಿಟ್ಟು ತೋರಿಸ್ರಿ. ಜಲ್ದಿ, ಇನ್ನ ನಲವತ್ತು ಮನಿ ಅವ.”

ತೋರಿಸಿದೆ. ಹಳ್ಳಿಯಲ್ಲಿ ಮೂರನೇ ಇಯತ್ತೆ ಓದಿದವಳಾದರೂ, ಆ ಹೆಸರು ಮರಾಠಿ ಅಕ್ಷರದಲ್ಲಿದ್ದರೂ ಗುರುತು ಹಿಡಿಯುತ್ತೇನೆ. ನಮ್ಮವರ ಸಾಲನ್ನು ಅವರು ತೀರಿದ ವರ್ಷವೇ ಹೊಡೆದುಹಾಕಿದ್ದರಂತೆ. ಉಳಿದಿದ್ದದ್ದು ಹುಡುಗನ ಸಾಲು. ನನ್ನ ಬೆರಳು ಅದರ ಮೇಲೆ ಕೂತಿತು.

ಒಪ್ಪಿದೆ, ಮುದುಕಿಯ ಬೆರಳು. ಆದರೆ ಹುಟ್ಟಿದ ವರ್ಷ ಅದೇ ಸಾಲಿನಲ್ಲಿತ್ತಲ್ಲ, ನಿಮ್ಮ ಜಾಣ ಯಂತ್ರಗಳಲ್ಲಿ ಒಂದಾದರೂ “ಇಷ್ಟು ಸಣ್ಣವನೇ?” ಎಂದು ಕೇಳಿತೇ? ದವಾಖಾನೆಯದು ನಿಮ್ಮದಕ್ಕೆ ಸುದ್ದಿ ಕಳಿಸಿತು, ಆಸ್ಪತ್ರೆಯದು ನಿಮ್ಮದನ್ನು ಕೇಳಿತು, ನಿಮ್ಮದು “ಮೃತ” ಎಂದಿತು. ಮುಗಿಯಿತು. ಒಂದು ಕಂಪ್ಯೂಟರ್ ಇನ್ನೊಂದರ ಒಳಗೆ ಕಾಲಿಡುವುದಿಲ್ಲವಂತೆ. ಗೊತ್ತುಪಡಿಸಿದ ಮಾತಿನಲ್ಲೇ ಕೇಳಬೇಕು, ಗೊತ್ತುಪಡಿಸಿದಷ್ಟೇ ಸಿಗುತ್ತದೆ. ಈ ಏರ್ಪಾಟಿಗೆ ಎಪಿಐ ಎನ್ನುತ್ತಾರೆಂದು ಅಭಿಜಿತ್ ದೊಡ್ಡ ವಿದ್ಯೆಯ ಹಾಗೆ ವಿವರಿಸಿದ.

ಇದನ್ನು ನನಗೆ ಕಲಿಸಬೇಕೇ? ಐವತ್ತು ವರ್ಷ ಮಡಿಯಲ್ಲಿ ಅಡುಗೆ ಮಾಡಿದ್ದೇನೆ. ಸೊಸೆ ಚಾರುಲತಾ ಹೊಸ್ತಿಲಾಚೆ ನಿಂತು ಬೇಕಾದದ್ದು ಕೇಳುತ್ತಾಳೆ, ನಾನು ಅವಳನ್ನು ಮುಟ್ಟದೆ ಹೊಸ್ತಿಲ ಮೇಲಿಡುತ್ತೇನೆ. ಒಳಗೆ ನನ್ನ ಡಬ್ಬಿಗಳು ಯಾವ ಮೂಲೆಯಲ್ಲಿವೆ ಎಂಬುದು ಅವಳಿಗೆ ಬೇಕಿಲ್ಲ. ಒಳ್ಳೆಯ ಏರ್ಪಾಟೇ. ಆದರೆ ಸಕ್ಕರೆಯೆಂದು ಉಪ್ಪು ಇಟ್ಟರೆ ಅದೇ ಹೊಸ್ತಿಲಿಂದ ಅವಳು ಕೂಗುತ್ತಾಳೆ, ನಾನು ಬದಲಿಸಿ ಕೊಡುತ್ತೇನೆ. ನಿಮ್ಮ ಹೊಸ್ತಿಲಲ್ಲಿ ಕೂಗಿ ಹೇಳುವ ಮಾತೇ ಏಕಿಲ್ಲ?

ಹುಡುಗನನ್ನೇ ಕರೆದುಕೊಂಡು ಹೋದೆ. ನಮ್ಮದು ಕೇಳುತ್ತದಷ್ಟೇ ಎಂದರು ಆಸ್ಪತ್ರೆಯವರು. ನಮ್ಮದು ಉತ್ತರ ಕೊಡುತ್ತದಷ್ಟೇ, ತಿದ್ದುಪಡಿ ದವಾಖಾನೆಯಿಂದ ಬರಬೇಕು ಎಂದರು ಸದರ್ ಪೇಟೆಯ ನಿಮ್ಮ ಕಚೇರಿಯ ಕೌಂಟರಿನವರು. ಅಭಿಜಿತ್ ತಲೆ ತಗ್ಗಿಸಿದ: “ಸತ್ತಾರಂತ ಕಳಸೋದದ ಅಜ್ಜಿ, ಬದುಕ್ಯಾರಂತ ಕಳಸೋದು ಇದರಾಗ ಮಾಡೇ ಇಲ್ಲ.” ನನ್ನ ಸುಳ್ಳನ್ನು ಕ್ಷಣದಲ್ಲಿ ಹೊತ್ತೊಯ್ದ ದಾರಿ, ನಿಜ ಬಂದಾಗ ಬಸ್ಸು ಹತ್ತಿ ಹೋಗು ಎನ್ನುತ್ತದೆ. ನಾಲ್ಕು ಸಲ ಹತ್ತಿದೆ.

ನಾಲ್ಕನೇ ಸಲ ವಾಪಸ್ ಬರುವಾಗ ಹುಡುಗ ಕೇಳಿದ: “ಅಜ್ಜಿ, ನಾ ಸತ್ತೀನೇನ? ಮತ್ತ ನಾಳೆ ಶಾಲಿಗೆ ಹೋಗೋದು ಬ್ಯಾಡಲ್ಲ?”

ಬಸ್ಸಿನಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸಂತ್ರಿ ಹಣ್ಣು ಸುಲಿದು ಅವನಿಗೆ ಅರ್ಧ ಕೊಟ್ಟು ಉಳಿದದ್ದು ತಿಂದೆ. ಹುಳಿಯೋ ಸಿಹಿಯೋ ತಿಳಿಯಲಿಲ್ಲ. ಅದೇ ಹೆಸರಿನ ಮುಂದೆ “ಮೃತ” ಎಂಬ ಅದೇ ಪದವನ್ನು ಹತ್ತು ವರ್ಷದ ಹಿಂದೆ ಒಮ್ಮೆ ಓದಿದ್ದೆ. ಆಗ ಅತ್ತಿದ್ದೆ. ಈ ಸಲ ಹುಡುಗನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತ ಕೂತೆ.

ಕ್ಷಮೆ ಕೇಳಿ ಎನ್ನುತ್ತಿಲ್ಲ. ಸಾವು ಬಂದ ದಾರಿಯಲ್ಲೇ ತಿದ್ದುಪಡಿಯೂ ಹೋಗುವಂತೆ ಮಾಡಿ. ಆ ವಿದ್ಯೆ ಬರುವವರೆಗೆ ನೀವೇ ಎದ್ದು ಹೋಗಿ ಕೈಯಾರೆ ತಿದ್ದಿ, ಐದನೇ ತಾರೀಖು ಹುಡುಗನಿಗೆ ವಾಪಸ್ ಕೊಡಿಸಿ. ಮತ್ತೆ ಬೆರಳಿನ ಗೊಂದಲ ಬೇಡವೆಂದು, ಬಾಯಿಂದ ಎಂದೂ ಆಡದ ಹೆಸರನ್ನು ಇಂದು ಬರೆಯುತ್ತಿದ್ದೇನೆ. ವ್ಯಾಸರಾಜ. ತಂದೆ ಹೃಷಿಕೇಶ. ವಯಸ್ಸು ಒಂಬತ್ತು. ಬದುಕಿದ್ದಾನೆ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.

ಇಂತಿ,
ತಪ್ಪು ಸಾಲಿನ ಮೇಲೆ ಬೆರಳಿಟ್ಟ
ಕೃಷ್ಣವೇಣಿ
ಕನ್ಹಾನ್, ಫೆಬ್ರವರಿ ೨೦೦೮